ಪೆಟ್ಲುಪ್ಪಿನ ಗೋಧಿ

"ಕೇಳಿರಪ್ಪೋ ಕೇಳಿರಿ. ರಾಜಕುಮಾರಿ ಕಂಚಮಾಲೆ ಹಾಸಿಗೆ ಹಿಡಿದಿದ್ದಾಳೆ. ಅವಳ ಮೂರು ಒಗಟು ಒಡೆದವನಿಗೆ ಅವಳ ರೋಗವೂ ತಿಳಿಯುತ್ತದಂತೆ. ಒಡೆದವನಿಗೆ ಅರ್ಧ ರಾಜ್ಯ, ತಪ್ಪಿದವನಿಗೆ ತಲೆದಂಡ." ಸಿರಿವಾರದ ಅರಸ ಮಲ್ಲಭೂಪ ಹೀಗೆ ಡಂಗುರ ಸಾರಿಸಿದ.

ಅರಸ ಕೆಟ್ಟವನಲ್ಲ. ಪ್ರಜೆಗಳ ಹಸಿವು ನೋಡಲಾರದೆ, ಮದ್ದಿನ ಮನೆಯಲ್ಲಿ ಸಿಡಿಮದ್ದಿಗೆ ಬೆರೆಸುವ ಪೆಟ್ಲುಪ್ಪನ್ನು ಗೊಬ್ಬರವಾಗಿ ಎಲ್ಲ ಗೋಧಿ ಹೊಲಗಳಿಗೂ ಎರಚಬೇಕೆಂದು ಕಟ್ಟಪ್ಪಣೆ ಮಾಡಿದ್ದ. ಬೆಳೆ ಇಮ್ಮಡಿಯಾಯಿತು. ಸುದ್ದಿ ಕೇಳಿ ಸುತ್ತಲ ನಾಡುಗಳ ಹಸಿದವರೆಲ್ಲ ಬಂದು ನೆಲೆಸಿದರು. ಆಮೇಲೆ ಮಕ್ಕಳು ಒಂದೊಂದಾಗಿ ಬಿಳಿಚಿಕೊಂಡವು.

"ಕಾಳಿನ ಹಗೇವು ತುಂಬಿದಷ್ಟೂ ಬರಿದಾಗುವುದು ಯಾವುದು?" ಇದು ಸಭೆಯ ನಡುವೆ ಹಾಸಿಗೆಯಲ್ಲೇ ಮಲಗಿ ಕಂಚಮಾಲೆ ಕೇಳಿದ ಮೊದಲ ಒಗಟು. ಆಸ್ಥಾನದ ವೈದ್ಯ ಮೀಸೆ ತಿರುವಿ, ಹಸಿವು ಎಂದ. ನಾಲ್ಕು ಚಪಾತಿ ತಿಂದರೂ ನನ್ನ ಹಸಿವು ಹೋಗಿಲ್ಲವಲ್ಲ ಎಂದಳು ಕಂಚಮಾಲೆ. ತಲೆದಂಡದ ದಿನ ಬರುವವರೆಗೆ ವೈದ್ಯನನ್ನು ಸೆರೆಗೆ ಒಯ್ದರು. ಪಂಡಿತನೊಬ್ಬ ದಾನದ ಪುಣ್ಯ ಎಂದು ಉತ್ತರಿಸಿ ಅವನ ಹಿಂದೆಯೇ ಹೋದ.

ಮೂರನೆಯವನಾಗಿ ಬಂದವನು ಬರಮಪ್ಪ, ಕಣದಲ್ಲಿ ರಾಶಿ ತೂರುವವನು. ಅವನ ಮಗಳು ಹುಲಿಗಿಯೂ ಬಿಳಿಚಿದ್ದಳು. ಪೆಟ್ಲುಪ್ಪು ಮುಟ್ಟದ ಗುಡ್ಡದೂರಿನ ಅಜ್ಜಿ ಮನೆಯಲ್ಲಿದ್ದಾಗ ಕೆಂಪಗಾದವಳು, ಊರಿಗೆ ಬಂದು ಆರು ತಿಂಗಳಿಗೆ ಮತ್ತೆ ಸೊರಗಿದ್ದಳು.

"ಕಾಳಿನ ಸತ್ವರಿ, ತಾಯಿ," ಎಂದ ಬರಮಪ್ಪ.

ಕಂಚಮಾಲೆ ಎದ್ದು ಕೂತು ಎರಡನೆಯ ಒಗಟು ಒಡ್ಡಿದಳು. "ಒಂದು ಕೊಡ ಹಾಲು ಹತ್ತು ಮಕ್ಕಳಿಗಾಗುತ್ತಿತ್ತು. ಈಗ ಅದೇ ಕೊಡದಿಂದ ಇಪ್ಪತ್ತು ಲೋಟ ತುಂಬುತ್ತಿದೆ. ಹೇಗೆ?"

"ನೀರು ಬೆರೆಸ್ಯಾರ್ರಿ. ಪೆಟ್ಲುಪ್ಪಿನಿಂದ ಕಾಳು ಹೆಚ್ಚಾದ್ವು. ರಕ್ತ ಮಾಡೋ ಸತ್ವ ಮಣ್ಣಾಗ ಮೊದಲಿದ್ದಷ್ಟ ಐತಿ. ಹತ್ತು ಕಾಳಿಗೆ ಸಿಗೋದನ್ನ ಇಪ್ಪತ್ತು ಹಂಚ್ಕೋತಾವ."

"ಬೆರೆಸಿದವರು ಯಾರು?"

ಈ ಮೂರನೆಯ ಒಗಟಿನ ಉತ್ತರ ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬರಮಪ್ಪ ಅರಸನ ಕಡೆ ತಿರುಗಿದ.

"ನೀವರಿ, ಮಹಾರಾಜರ. ಎರಚಿದ ಕೈ ನಂದು."

ಕಂಚಮಾಲೆ ಅತ್ತುಬಿಟ್ಟಳು. ಅಪ್ಪನಿಗೆ ತಾನೇ ಹೇಳಲಾರದೆ ಒಗಟು ಕಟ್ಟಿದೆ ಎಂದಳು. ಅರಸ ಸೆರೆಯವರನ್ನು ಬಿಡಿಸಿದ, ಬರಮಪ್ಪನಿಗೆ ಅರ್ಧ ರಾಜ್ಯ ಕೊಟ್ಟ. ರಾಜ್ಯ ಬೇಡ, ಪೆಟ್ಲುಪ್ಪು ನಿಲ್ಲಿಸಿ ಎಂದು ಬರಮಪ್ಪ ಕೈಮುಗಿದ.

"ನಿಲ್ಲಿಸಿದರ ಅರ್ಧ ಮಂದಿ ಉಪವಾಸ ಬೀಳ್ತಾರ," ಎಂದ ಅರಸ. "ಯಾವ ಅರ್ಧ, ನೀನ ಹೇಳು."

ಮೂರು ಒಗಟು ಒಡೆದವನು, ಒಂದು ಹೊಲವನ್ನಾದರೂ ಬಿಡಿ ಎಂದು ಬೇಡಿಕೊಂಡ. ಕಡೆಗೆ ಒಂದೇ ಒಂದು ಹೊಲವನ್ನು ಪೆಟ್ಲುಪ್ಪಿಲ್ಲದೆ ಬಿತ್ತಲು ಅಪ್ಪಣೆಯಾಯಿತು.

ಸುಗ್ಗಿ ಬಂತು. ಆ ಹೊಲದ ರಾಶಿ ಮೊಣಕಾಲೆತ್ತರ ಮಾತ್ರ ಆಯಿತು. ಬಟ್ಟಲು ಹಿಡಿದ ಬಿಳಿಚಿದ ಮಕ್ಕಳ ಸಾಲು ಕಣದಿಂದ ಕೆರೆ ಏರಿಯವರೆಗೆ ಬೆಳೆದಿತ್ತು. ಬೇಡವೆಂದರೂ ಅರ್ಧ ರಾಜ್ಯದ ಒಡೆಯನಾದವನ ಮಗಳು ಉಳಿದ ಮಕ್ಕಳಿಗಿಂತ ಮೊದಲು ನಿಲ್ಲುವುದುಂಟೇ? ಹುಲಿಗಿ ಸಾಲಿನ ಕೊನೆಯಲ್ಲಿದ್ದಳು.

ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುವುದು ಕಣದ ರೂಢಿ. ಬರಮಪ್ಪ ಹುಟ್ಟಿದಾಗಿನಿಂದ ಅದನ್ನೇ ಕೇಳಿದವನು. ಕೊಳಗ ತುಂಬಿ ಎತ್ತಿ, ಕೆರೆ ಏರಿಯ ಕಡೆ ಒಮ್ಮೆ ನೋಡಿದ.

"ಒಂದು," ಎಂದ.