ಪನ್ನೀರಿನಲ್ಲಿ ತೊಳೆದ ಕೈ

"ಒಳ್ಳೆಯ ಕೆಲಸಗಾರನನ್ನು ಮೇಲೆ ಕೂರಿಸಿದರೆ ಅವನು ಯಾಕೆ ಕೆಡುತ್ತಾನೆ, ಬುದ್ಧಿ?"

ಹೀಗೆ ಕೇಳಿದವನು ಕೊಟ್ರೇಶಪ್ಪ. ಮಠದ ಶಿಷ್ಯ, ನೀರೆತ್ತುವ ಪಂಪು ತಯಾರಿಸುವ ಕಾರ್ಖಾನೆಯ ಯಜಮಾನ. ಅವನ ಕಾರ್ಖಾನೆಯಲ್ಲಿ ದ್ಯಾಮಣ್ಣ ಎಂಬವನಿದ್ದ. ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತರೆ ಅವನಿಗೆ ಸಮಾನರಿಲ್ಲ. ಯಜಮಾನ ಮೆಚ್ಚಿ ಅವನನ್ನು ಸೂಪರ್‌ವೈಸರ್ ಮಾಡಿದ. ದ್ಯಾಮಣ್ಣ ಕೆಟ್ಟ ಮಾಲನ್ನು ಒಳ್ಳೆಯದೆಂದು ಹೊರಗೆ ಬಿಟ್ಟ. ಶಿಕ್ಷೆಯೆಂದು ಮತ್ತೆ ಲೇತಿಗೆ ಕಳಿಸಿದರೆ ಬಂಗಾರದಂಥ ಕೆಲಸ ಮಾಡಿದ. ಯಜಮಾನನ ಮನಸ್ಸು ಕರಗಿತು, ಮತ್ತೆ ಮೇಲೆ ಕೂರಿಸಿದ. ಈಗ ಮತ್ತೆ ಅದೇ ತಪ್ಪು. ಯಜಮಾನ ಇಷ್ಟನ್ನೂ ಗುರುಗಳ ಮುಂದೆ ಹೇಳಿಕೊಂಡ.

"ನಾಳೆ ಅವನನ್ನು ಕೆಲಸದಿಂದ ತೆಗೆಯಬೇಕೆಂದಿದ್ದೇನೆ. ಆದರೆ ಮನಸ್ಸು ಒಪ್ಪುತ್ತಿಲ್ಲ. ತಾವು ಒಂದು ಮಾತು ಹೇಳಬೇಕು," ಎಂದ ಕೊಟ್ರೇಶಪ್ಪ.

"ಮೊದಲು ಕೂತುಕೊಳ್ಳಪ್ಪಾ. ನಿಂತಲ್ಲೇ ಕೇಳಿ ಓಡಿಹೋಗುವ ಮಾತಲ್ಲ ಇದು," ಎಂದರು ಗುರುಗಳು. ಅವನು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಗುಡಿಗಳಿಗೆ ಗಂಟೆ ಮಾಡಿಸಿಕೊಡುವುದು ಅವನ ವ್ಯಾಪಾರ. ಅವನ ಎರಕದ ಮನೆಯಲ್ಲಿ ಮಣ್ಣು ಕಲಸುವವರು, ಮೇಣದ ಅಚ್ಚು ಮಾಡುವವರು, ಕುಲುಮೆ ಊದುವವರು ಎಂದು ಬಹಳ ಜನ. ಅವರ ನಡುವೆ ಒಬ್ಬ ಕಂಚುಗಾರನಿದ್ದ. ಅವನು ಅಚ್ಚಿಗೆ ಮಣ್ಣು ಮೆತ್ತಿದರೆ ಆ ಗಂಟೆಯ ನಾದವೇ ಬೇರೆ. ಅದು ಹೇಗೆ ಎಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. "ಮಣ್ಣು ಸಾಕು ಅನ್ನುತ್ತದೆ, ನಾನು ನಿಲ್ಲಿಸುತ್ತೇನೆ," ಎನ್ನುತ್ತಿದ್ದ.

ವರ್ತಕ ಒಳ್ಳೆಯವನು. ಇದನ್ನು ಮರೆಯಬೇಡ ಕೊಟ್ರೇಶಪ್ಪಾ, ನಿನ್ನ ಹಾಗೆಯೇ ಒಳ್ಳೆಯವನು. ಯಾರ ಹೊಟ್ಟೆಯ ಮೇಲೂ ಹೊಡೆದವನಲ್ಲ. ಒಳ್ಳೆಯ ಕೆಲಸಕ್ಕೆ ದೊಡ್ಡ ಮರ್ಯಾದೆ ಸಲ್ಲಬೇಕು ಎನ್ನುವವನು. ಆದರೆ ದೊಡ್ಡ ಮರ್ಯಾದೆಯೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ, ಜಗಲಿಯ ಮೇಲಿನ ಗಾದಿ. ಅಲ್ಲಿ ಕೂತವನು ಎಲ್ಲರ ಕೆಲಸ ನೋಡಿಕೊಳ್ಳಬೇಕು. ತಯಾರಾದ ಗಂಟೆಯನ್ನು ತಟ್ಟಿ ಕೇಳಬೇಕು. ಅವನು ಹೂಂ ಎಂದರೆ ಗಂಟೆ ಗುಡಿಗೆ ಹೋಗುತ್ತದೆ.

ಗಾದಿಗೆ ಹತ್ತಿಸಲು ಅಲ್ಲಿ ಒಂದು ಪದ್ಧತಿಯಿತ್ತು. ಎಲ್ಲರ ಎದುರಿಗೆ ವರ್ತಕನೇ ಆ ಮನುಷ್ಯನ ಕೈಗಳನ್ನು ಪನ್ನೀರಿನಲ್ಲಿ ತೊಳೆದು, ತನ್ನ ಹೆಗಲ ಮೇಲಿನ ಶಲ್ಯದಿಂದ ಒರೆಸುತ್ತಿದ್ದ. ಹಾಗೆ ತೊಳೆದ ಕೈ ಮತ್ತೆ ಮಣ್ಣು ಮುಟ್ಟುವಂತಿಲ್ಲ. ಮುಟ್ಟಿದರೆ ಕೊಟ್ಟ ಮರ್ಯಾದೆಯನ್ನು ಕಾಲಲ್ಲಿ ಒದ್ದ ಹಾಗೆ.

ಕಂಚುಗಾರನ ಕೈಯನ್ನೂ ತೊಳೆದರು. ಹೆಂಡತಿ ಕಣ್ತುಂಬ ನೋಡಿದಳು. ಅವನಿಗೂ ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳಾದೀತು.

ಸಂತೋಷ ಸ್ವಲ್ಪ ಕಾಲ ಇತ್ತು. ಆಮೇಲೆ ಕೈಗೆ ಹಸಿವಾಗತೊಡಗಿತು. ಜಗಲಿಯ ಮೇಲೆ ಕೂತರೆ ಹಸಿ ಮಣ್ಣಿನ ವಾಸನೆ ಮೂಗಿಗೆ ಬರುತ್ತಿತ್ತು. ಕೆಳಗೆ ಬೇರೊಬ್ಬ ಮಣ್ಣು ಮೆತ್ತುತ್ತಿದ್ದರೆ ಇವನ ಬೆರಳುಗಳು ಗಾದಿಯ ಮೇಲೆ ತಾವಾಗಿಯೇ ಆಡುತ್ತಿದ್ದವು. ಸಂಜೆ ಯಾವುದೋ ಗುಡಿಯ ಗಂಟೆ ಕೇಳಿದರೆ, "ಅದು ನನ್ನದು" ಎಂದು ಎದ್ದು ನಿಲ್ಲುತ್ತಿದ್ದ. ಊಟಕ್ಕೆ ಕೂತಾಗ ಮುದ್ದೆಯನ್ನು ತಿರುಗಿಸಿ ತಿರುಗಿಸಿ ಗಂಟೆಯ ಆಕಾರಕ್ಕೆ ತರುತ್ತಿದ್ದ. "ಇದೇನ್ರೀ, ಮಕ್ಕಳಾಟ! ಸುಮ್ಮನೆ ಊಟ ಮಾಡಿ," ಎಂದು ಹೆಂಡತಿ ಗದರಿದರೆ ನಾಚಿಕೊಂಡು ನುಂಗುತ್ತಿದ್ದ.

ಒಂದು ದಿನ ಅವಳು ಅವನ ಅಂಗೈ ಸವರಿ, "ಎಷ್ಟು ಮೆತ್ತಗಾಗಿದೆ ನೋಡಿ!" ಎಂದು ಹಿಗ್ಗಿದಳು. ಅವನು ನೋಡಿಕೊಂಡ. ಯಾರದೋ ಕೈ ನೋಡಿದ ಹಾಗಾಯಿತು. ಎದ್ದು ಹಿತ್ತಿಲಿಗೆ ಹೋಗಿ ಅತ್ತ.

"ಗಾದಿ ಸಿಕ್ಕಿತೆಂದು ಅಳುವವರೂ ಇರುತ್ತಾರೆಯೇ, ಬುದ್ಧಿ?" ಎಂದು ಕೊಟ್ರೇಶಪ್ಪ ನಕ್ಕ.

"ನಿನಗೆ ಕಾಣಲಿ ಎಂದು ಅವನು ಬೀದಿಯಲ್ಲಿ ಅಳಬೇಕಿತ್ತೇನು? ಬಾಯಿ ಮುಚ್ಚಿಕೊಂಡು ಕೇಳು," ಎಂದು ಗುರುಗಳು ಮುಂದುವರಿಸಿದರು.

ಒಂದು ಮಧ್ಯಾಹ್ನ ಎಲ್ಲರೂ ಉಣ್ಣಲು ಹೋಗಿದ್ದರು. ಕಂಚುಗಾರ ಮೆಲ್ಲನೆ ಜಗಲಿ ಇಳಿದು ಬಂದ. ಕಲಸಿಟ್ಟ ಮಣ್ಣಿನಲ್ಲಿ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ, ತವರಿಗೆ ಬಂದ ಹೆಣ್ಣುಮಗಳ ಹಾಗೆ ನಿಂತುಬಿಟ್ಟ. ಉಂಡು ಬಂದ ಆಳುಗಳು ಅದನ್ನು ಕಂಡರು. "ನೋಡಿರೋ, ನಮ್ಮ ಕೆಲಸದ ಮೇಲೆ ಇವನಿಗೆ ನಂಬಿಕೆಯಿಲ್ಲ. ನಾವಿಲ್ಲದಾಗ ಕದ್ದು ಬಂದು ಪರೀಕ್ಷೆ ಮಾಡುತ್ತಾನೆ," ಎಂದುಕೊಂಡರು. ಅಂದಿನಿಂದ ಅವರ ಮುಖ ಬಿಗಿಯಿತು. ಅವನು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಮೊನ್ನೆಯವರೆಗೆ ಒಟ್ಟಿಗೆ ಕೂತು ಬುತ್ತಿ ಬಿಚ್ಚಿದವರು! ಅವನಿಗೆ ಮಣ್ಣೂ ಇಲ್ಲವಾಯಿತು, ಜನವೂ ಇಲ್ಲವಾದರು.

ತಡೆಯಲಾರದೆ ಅವನು ವರ್ತಕನ ಬಳಿಗೆ ಹೋದ. "ಧಣಿ, ಗಾದಿ ಸಾಕು. ನನ್ನನ್ನು ಮತ್ತೆ ಮಣ್ಣಿಗೆ ಬಿಡಿ," ಎಂದು ಕೈಮುಗಿದ.

ವರ್ತಕ ಬೆಚ್ಚಿಬಿದ್ದ. "ಹುಚ್ಚಪ್ಪಾ, ತಪ್ಪು ಮಾಡದೆ ಈ ಗಾದಿಯಿಂದ ಇಳಿದವರು ಒಬ್ಬರೂ ಇಲ್ಲ. ನಿನ್ನನ್ನು ಇಳಿಸಿದರೆ ಊರು ಏನೆಂದೀತು? ಅಂಥ ಅವಮಾನ ನಿನಗೆ ಮಾಡುವಷ್ಟು ಕಲ್ಲೆದೆ ನನ್ನದಲ್ಲ," ಎಂದ. ಪಾಪ, ಬೇಸರ ಬಂದಿರಬೇಕು ಎಂದು ಹೊಸ ಗಾದಿಯನ್ನೇ ಮಾಡಿಸಿಕೊಟ್ಟ. ಅದು ಮೊದಲಿನದಕ್ಕಿಂತ ಮೆತ್ತಗಿತ್ತು.

ಕಂಚುಗಾರ ಅದರ ಮೇಲೆ ಕೂತು ವರ್ತಕನ ಮಾತನ್ನೇ ಮೆಲುಕು ಹಾಕಿದ. ತಪ್ಪು ಮಾಡದೆ ಇಳಿದವರು ಒಬ್ಬರೂ ಇಲ್ಲ.

ಆಗ ಹೊಳೆಯಾಚೆಯ ಊರಿನ ಒಬ್ಬ ಹೆಂಗಸು ಗಂಟೆ ಮಾಡಲು ಹೇಳಿದ್ದಳು. ಅವಳ ಮಗು ದೊಡ್ಡ ಕಾಯಿಲೆಯಿಂದ ಎದ್ದಿತ್ತು. ಅದಕ್ಕೆ ಹರಕೆ. ಗಂಟೆ ತಯಾರಾಗಿ ಜಗಲಿಗೆ ಬಂತು. ಕಂಚುಗಾರ ತಟ್ಟಿ ಕೇಳಿದ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿತ್ತು. ಮತ್ತೊಮ್ಮೆ ತಟ್ಟಿದ. ಬಿರುಕು ಇದ್ದದ್ದೇ. ಕೆಳಗೆ ಯಾರೋ ಮಣ್ಣು ತುಳಿಯುವ ಸದ್ದು ಕೇಳುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು "ಹೂಂ" ಎಂದ.

ಹೊಳೆಯಾಚೆ ಗಂಟೆ ಕಟ್ಟಿದರು. ಮಂಗಳಾರತಿಗೆ ಬಾರಿಸಿದ್ದೇ ತಡ, ಬಿರುಕು ಬಾಯಿಬಿಟ್ಟಿತು. ಒಡಕು ಮಡಕೆಯ ಸದ್ದು ಬಂತು. ದೇವರು ತನ್ನ ಹರಕೆ ಒಲ್ಲೆನೆಂದ ಎಂದು ಎದೆಯೊಡೆದು, ಆ ಹೆಂಗಸು ಗಂಟೆಯನ್ನು ಹೊತ್ತುಕೊಂಡು ಅಳುತ್ತ ವರ್ತಕನ ಬಾಗಿಲಿಗೆ ಬಂದಳು. ವರ್ತಕ ಸಿಟ್ಟಿಗೆದ್ದ. "ಇಳಿ ಕೆಳಗೆ! ಇನ್ನು ಮಣ್ಣೇ ನಿನಗೆ ಗತಿ!" ಎಂದು ಕೂಗಿದ.

ಕಂಚುಗಾರ ತಲೆ ತಗ್ಗಿಸಿ ಇಳಿದ. ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹರಕೆಯ ತಾಯಿಯ ಕಣ್ಣೀರು ಅವನ ಎದೆಗೆ ಚುಚ್ಚುತ್ತಿತ್ತು. ಹಾಗಿದ್ದರೂ ಮಣ್ಣಿಗೆ ಕೈಯಿಟ್ಟ ಗಳಿಗೆಯಲ್ಲಿ ಅವನ ಉಸಿರು ಹಗುರಾಯಿತು. ಅದಕ್ಕಾಗಿ ಅವನಿಗೆ ತನ್ನ ಮೇಲೆಯೇ ನಾಚಿಕೆಯೂ ಆಯಿತು.

ಮೊದಲು ಅವನು ಆ ತಾಯಿಯ ಗಂಟೆಯನ್ನೇ ಕರಗಿಸಿ ಹೊಸದಾಗಿ ಎರೆದ. ಉಣ್ಣಲು ಕರೆದರೆ ಏಳಲಿಲ್ಲ. ಅಂಗೈ ಬಿರಿದು ರಕ್ತ ಬಂದರೂ ಬಿಡಲಿಲ್ಲ. ಮಣ್ಣು ಸಾಕು ಎಂದಾಗ ನಿಲ್ಲಿಸಿದ. ಎರಕ ಆರಿದ ಮೇಲೆ ಅಚ್ಚು ಒಡೆದು ತಟ್ಟಿದರೆ, ಆಹಾ, ನಾದ ಬೀದಿಯ ಕೊನೆಯವರೆಗೆ ಹೋಯಿತು. ಮುಖ ಬಿಗಿದುಕೊಂಡಿದ್ದ ಆಳುಗಳು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಒಬ್ಬ ತನ್ನ ಬುತ್ತಿಯ ರೊಟ್ಟಿ ಮುರಿದು ಅವನ ಕೈಗಿಟ್ಟ. ಮಣ್ಣಿನ ಕೈಯಲ್ಲೇ ಅವನು ತಿಂದ.

ನಾದ ಕೇಳಿ ವರ್ತಕನೂ ಓಡಿ ಬಂದ. ಅವನ ಕಣ್ಣಲ್ಲಿ ನೀರು. ಒಳ್ಳೆಯವನಲ್ಲವೇ! "ಇಂಥ ಕೈಯನ್ನು ಮಣ್ಣಿನಲ್ಲಿ ಬಿಟ್ಟರೆ ದೇವರು ಮೆಚ್ಚುತ್ತಾನೆಯೇ? ಆದದ್ದು ಆಗಿಹೋಯಿತು, ನಾನು ಮರೆತೆ. ಯಾರಲ್ಲಿ, ಪನ್ನೀರು ತನ್ನಿ!" ಎಂದ.

ಕಂಚುಗಾರ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ವರ್ತಕ ಅದನ್ನು ಸಂಕೋಚವೆಂದು ತಿಳಿದ. ನಗುತ್ತ, ಪ್ರೀತಿಯಿಂದಲೇ, ಆ ಕೈಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದು ತೊಳೆದ.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿದರು. ಅವರು ಮುಂದೆ ಹೇಳುವಂತೆ ಕಾಣಲಿಲ್ಲ.

"ಆಮೇಲೆ? ಆಮೇಲೆ ಅವನು ಏನು ಮಾಡಿದ, ಬುದ್ಧಿ?" ಎಂದು ಕೊಟ್ರೇಶಪ್ಪ ಕೇಳಿದ.

"ಅದನ್ನು ಬಂದ ಕೂಡಲೇ ನೀನೇ ನನಗೆ ಹೇಳಿದೆಯಲ್ಲಪ್ಪಾ," ಎಂದರು ಗುರುಗಳು.