ಅರ್ಧಕ್ಕಿಳಿದ ಕಾಣಿಕೆ

"ಮುತ್ತೂರಿನ ಪ್ರಜೆಗಳೇ, ಕೇಳಿರಿ. ಅರಮನೆಯ ವೈದ್ಯಶಾಲೆಗೆ ಪ್ರತಿ ಮನೆಯಿಂದ ಹನ್ನೆರಡು ಹಣದ ವರ್ಷಗಾಣಿಕೆ ಕೊಡುತ್ತಿದ್ದಿರಿ, ಔಷಧಿಯೆಲ್ಲ ಉಚಿತವಾಗಿತ್ತು. ಭಂಡಾರಿ ದೇಮಯ್ಯನವರ ಹೊಸ ಕಟ್ಟಳೆಯಲ್ಲಿ ಕಾಣಿಕೆ ಆರೇ ಹಣ. ವರ್ಷದ ಮೊದಲ ಎಂಟು ಹಣದ ಔಷಧಿ ಮಾತ್ರ ನಿಮ್ಮ ಖರ್ಚು. ಆಮೇಲಿನದರಲ್ಲಿ ಐದರಲ್ಲೊಂದು ಪಾಲು ನಿಮ್ಮದು. ಮುದ್ರೆ ಒತ್ತುವ ಮೊದಲು ರಾಜಕುಮಾರಿ ನಾಗಲೆ ಮೂರು ಒಗಟು ಕೇಳುತ್ತಾರೆ. ಬಿಡಿಸಿದವರು ಬೇಡಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಉಳಿಯದು."

ಡಂಗುರ ಕೇಳಿದ ಊರಿಗೆ ಗುಮಾನಿ ಬಂತು. ಅರಮನೆ ಸುಮ್ಮನೆ ಅರ್ಧ ಬಿಡುತ್ತದೆಯೇ? ನಾಗಲೆಗೂ ಅದೇ ಅನುಮಾನ. ಅವಳ ತಂದೆ, ದೊರೆ ಕೇತರಸ, ಭಂಡಾರಿಯನ್ನು ನಂಬಿದ್ದ; ಅವಳು ನಂಬಿರಲಿಲ್ಲ.

ಸಭೆಯಲ್ಲಿ ಅವಳು ಕೇಳಿದಳು: "ನೀನು ಗಟ್ಟಿಮುಟ್ಟಾಗಿದ್ದರೂ ಬರುತ್ತಾನೆ, ಹಾಸಿಗೆ ಹಿಡಿದರೂ ಬರುತ್ತಾನೆ, ಬಂದು ಕೈ ಚಾಚುತ್ತಾನೆ. ಯಾರು?"

"ಯಮ," ಎಂದ ಒಬ್ಬ ಸಾಹುಕಾರನ ಮಗ. "ಮುಪ್ಪು," ಎಂದ ಒಬ್ಬ ಪಾಳೇಗಾರ. ಇಬ್ಬರ ಕೈಗೂ ಸರಪಳಿ ಬಿತ್ತು. ಆಮೇಲೆ ಯಾರೂ ಏಳಲಿಲ್ಲ.

ಕೊನೆಗೆ ಬುಟ್ಟಿ ಹೆಣೆಯುವ ಸಿಂಗ ಎದ್ದ. "ವರ್ಷಗಾಣಿಕೆ, ತಾಯಿ."

ದೇಮಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾರೋ ನಿನಗೆ ಹೇಳಿಕೊಟ್ಟಿದ್ದಾರೆ."

"ಇಲ್ಲ ಸ್ವಾಮಿ. ನನ್ನ ತಂಗಿಗೆ ಉಬ್ಬಸ. ಡಂಗುರ ಕೇಳಿದಾಗಿನಿಂದ ನನಗೆ ಇದೇ ಯೋಚನೆ."

"ಸರಿ," ಎಂದು ನಾಗಲೆ ಎರಡನೆಯ ಒಗಟು ಕೇಳಿದಳು: "ಮನೆಗೆ ಬೆಂಕಿ ಬಿದ್ದರೆ ಆರಿಸಲು ಬರುತ್ತೇನೆಂದು ಕೂಲಿ ಪಡೆದವನು, ಬೆಂಕಿ ಬಿದ್ದಾಗ ಮೊದಲ ಎಂಟು ಕೊಡ ನೀನೇ ಸುರಿ ಎನ್ನುತ್ತಾನೆ. ಅವನು?"

"ಕಟ್ಟಳೆಯ ಮೊದಲ ಎಂಟು ಹಣ."

"ಮೂರನೆಯದು. ಅವನೇ ಆಮೇಲೆ ಬಂದು ನೀರು ಹೊರುತ್ತಾನೆ, ಆದರೆ ಪ್ರತಿ ಐದನೆಯ ಕೊಡವನ್ನು ನಿನ್ನ ತಲೆಗೇ ಹೊರಿಸುತ್ತಾನೆ."

"ಐದರಲ್ಲೊಂದು ಪಾಲು."

"ಹಾಗಾದರೆ ಈ ಕಟ್ಟಳೆ ಮೋಸವೇ?" ಎಂದ ಕೇತರಸ.

ಸಿಂಗ ಹೇಳಿದ: "ಎಲ್ಲರಿಗೂ ಅಲ್ಲ, ಪ್ರಭು. ಕಾಯಿಲೆಯಿಲ್ಲದ ಮನೆಗೆ ಆರು ಹಣ ಉಳಿಯುತ್ತದೆ. ನನ್ನ ತಂಗಿಗೆ ವರ್ಷಕ್ಕೆ ಹದಿನೆಂಟು ಹಣದ ಔಷಧಿ ಬೇಕು. ಕಾಣಿಕೆ ಆರು, ಮೊದಲ ಖರ್ಚು ಎಂಟು, ಉಳಿದ ಹತ್ತರಲ್ಲಿ ನನ್ನ ಪಾಲು ಎರಡು. ಹನ್ನೆರಡು ಕೊಡುತ್ತಿದ್ದವನು ಹದಿನಾರು ಕೊಡಬೇಕು. ಡಂಗುರದಲ್ಲಿ ಆರು ಎಂಬುದೊಂದೇ ಜೋರಾಗಿ ಕೇಳಿಸಿತು."

"ಏನು ಬೇಕು, ಬೇಡು," ಎಂದ ಕೇತರಸ.

"ಎರಡು ಕಟ್ಟಳೆಯೂ ಇರಲಿ. ಯಾವುದು ಬೇಕೆಂದು ಆಯಾ ಮನೆಯವರೇ ತೂಗಿ ನೋಡಿ ಹೇಳಲಿ. ಈ ಇಬ್ಬರ ಸರಪಳಿಯನ್ನೂ ಬಿಚ್ಚಿಸಿ. ಗೊತ್ತಾಗದ್ದು ಅಪರಾಧವಲ್ಲ."

ಕೇತರಸ ಒಪ್ಪಿದ. ಕಟ್ಟಳೆಗಳನ್ನು ಮನೆಮನೆಗೆ ಬಿಡಿಸಿ ಹೇಳುವ ಅಧಿಕಾರವನ್ನು ಸಿಂಗನಿಗೇ ಕೊಟ್ಟು, ತಂಗಿಯ ಔಷಧಿಯನ್ನು ಜೀವವಿರುವವರೆಗೆ ಉಚಿತ ಮಾಡಿದ.

ನಾಗಲೆ ಮನೆಗಳ ಲೆಕ್ಕದ ಓಲೆ ತೆರೆದು ಭಂಡಾರಿಯತ್ತ ತಿರುಗಿದಳು. "ಮೊದಲು ನಿಮ್ಮ ಮನೆಯದನ್ನೇ ಬರೆಯೋಣ. ನಿಮ್ಮ ಪತ್ನಿ ಮೂರು ವರ್ಷದಿಂದ ಹಾಸಿಗೆಯಲ್ಲಿದ್ದಾರಲ್ಲವೇ? ಯಾವ ಕಟ್ಟಳೆ ಬರೆಯಲಿ?"

ದೇಮಯ್ಯ ಬೆರಳು ಮಡಚಿ ಲೆಕ್ಕ ಹಾಕಿದ.

"ಹಳೆಯದು," ಎಂದ.