ಚೆನ್ನಾಜಮ್ಮನ ಮೊದಲ ಗುಟುಕು

ಒಂದಾನೊಂದು ಕಾಲದಲ್ಲಿ ಕಂದಾ, ಚಾಪುಡಿ ಅನ್ನೋದು ಇನ್ನೂ ನಮ್ಮ ಕಡೆ ಕಾಲಿಡದ ಕಾಲದಲ್ಲಿ, ಕೆಂಚಯ್ಯ ಅಂತ ಒಬ್ಬ ಬುಟ್ಟಿ ಹೆಣೆಯೋನು ಇದ್ದನಂತೆ. ಅವನ ಹೆಂಡತಿ ಚೆನ್ನಾಜಮ್ಮ ದಿನಾ ಬೆಳಿಗ್ಗೆ ಹಿತ್ತಲಿಂದ ತುಳಸಿ, ದೊಡ್ಡಪತ್ರೆ, ನುಗ್ಗೆಸೊಪ್ಪು ಕಿತ್ಕೊಂಡು ಬಂದು, ಬೆಲ್ಲ ಹಾಕಿ ಕಷಾಯ ಕಾಯಿಸೋಳಂತೆ. ಅವರಿಗೆ ಮೂರು ಜನ ಹೆಣ್ಣುಮಕ್ಕಳು. ರಾಚವ್ವ, ಸಾಕವ್ವ ಮದುವೆಯಾಗಿ ಹೋಗಿದ್ರು, ಕಿರಿಯವಳು ಬೊಮ್ಮಿ ಮಾತ್ರ ಅವ್ವನ ಸೆರಗು ಹಿಡ್ಕೊಂಡು ಸೊಪ್ಪು ಬಿಡಿಸ್ತಾ ಮನೇಲೇ ಇದ್ದಳಂತೆ.

ಆಮೇಲೆ ಒಂದು ಚಳಿಗಾಲ ಚೆನ್ನಾಜಮ್ಮ ತೀರ್ಕೊಂಡಳಂತೆ. ತಿಥಿ ಮುಗೀತು, ನೆಂಟರು ಹೋದ್ರು, ಕೆಂಚಯ್ಯ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿದೋನು ಏಳಲೇ ಇಲ್ವಂತೆ. ಅನ್ನ ಬೇಡ, ನೀರು ಬೇಡ. ಹೀಗೇ ಬಿಟ್ರೆ ಅಪ್ಪನೂ ಅವ್ವನ ಹಿಂದೇನೇ ಹೊರಟುಬಿಡ್ತಾನೆ ಅಂತ ಬೊಮ್ಮಿ ಹೆದರಿ ಅಕ್ಕಂದಿರನ್ನ ಕರೆಸಿದಳಂತೆ.

ಮೊದಲನೇ ದಿನ ರಾಚವ್ವ ತುಳಸಿ ಕಷಾಯ ಮಾಡಿ, ಬೆಳಗಿದ ಲೋಟದ ತುಂಬ ತಂದಳಂತೆ. ಅಪ್ಪ ತಿರುಗಿಯೂ ನೋಡಲಿಲ್ಲ. ಎರಡನೇ ದಿನ ಸಾಕವ್ವ ನುಗ್ಗೆಸೊಪ್ಪು, ದೊಡ್ಡಪತ್ರೆ, ಸಾಲದು ಅಂತ ಜೀರಿಗೆ, ಮೆಣಸು, ಶುಂಠಿ, ಮನೇಲಿದ್ದದ್ದೆಲ್ಲ ಸುರಿದು ಕಾಯಿಸಿದಳಂತೆ. ಪಾಪ, ಅವಳದು ಮೊದಲಿಂದಲೂ ಕೈ ಸ್ವಲ್ಪ ಜೋರು. ಅದನ್ನೂ ಅವನು ಮುಟ್ಟಲಿಲ್ಲ.

ಮೂರನೇ ದಿನ ಬೊಮ್ಮಿ ಅವ್ವ ಮಾಡ್ತಿದ್ದ ಹಾಗೇ ಕಾಯಿಸಿ, ಅಪ್ಪನ ಹತ್ತಿರ ಕೂತು, ತಾನೇ ಒಂದು ಗುಟುಕು ಕುಡಿದುಬಿಟ್ಟಳಂತೆ! ಅಯ್ಯೋ ಬುದ್ಧಿಗೇಡಿ, ಅಪ್ಪನಿಗೆ ಎಂಜಲು ಕೊಡ್ತೀಯೇನೇ ಅಂತ ಅಕ್ಕಂದಿರು ಮೈಮೇಲೆ ಎಗರಿದ್ರಂತೆ. ಅವ್ವ ಹೀಗೇ ಮಾಡ್ತಿದ್ದಳು ಕಣಕ್ಕ, ನೀವಿಬ್ಬರೂ ಏಳೋದ್ರೊಳಗೆ, ನಾನು ನೋಡಿದ್ದೀನಿ ಅಂತ ಬೊಮ್ಮಿ ಅಳ್ತಾ ಹೇಳಿದಳಂತೆ.

ಅದ್ಯಾಕೆ ಗೊತ್ತಾ ಕಂದಾ, ಈ ಮೂವರಿಗಿಂತ ಮುಂಚೆ ಚೆನ್ನಾಜಮ್ಮನಿಗೆ ಒಂದು ಗಂಡುಮಗು ಹುಟ್ಟಿತ್ತಂತೆ. ಅದಕ್ಕೆ ಕೆಮ್ಮು ಅಂತ ಅವಸರದಲ್ಲಿ ಸೊಪ್ಪು ಕೀಳೋವಾಗ ಯಾವುದೋ ಕೆಟ್ಟ ಎಲೆ ಸೇರ್ಕೊಂಡು, ಆ ಕಷಾಯ ಕುಡಿದ ಮಗು ಉಳಿಯಲಿಲ್ವಂತೆ. ಅವತ್ತಿಂದ ಅವಳು, ಆಗೋದು ಮೊದಲು ನನಗೇ ಆಗಲಿ ಅಂತ ಒಂದು ಗುಟುಕು ಕುಡಿದು, ಎಲೆಅಡಿಕೆ ಜಗಿಯೋಷ್ಟು ಹೊತ್ತು ಸುಮ್ಮನೆ ಕೂರೋಳಂತೆ. ಅಷ್ಟು ಹೊತ್ತೂ ಕೆಂಚಯ್ಯ ಎದುರಿಗೆ ಕೂತು ಹೆಂಡತಿ ಮುಖಾನೇ ನೋಡ್ತಾ ಇರೋನಂತೆ. ಒಂದು ದಿನವೂ ತಪ್ಪಿಸಿಲ್ಲ.

ಬೊಮ್ಮಿ ಅಳ್ತಾ ಹೇಳಿದ ಆ ಮಾತು ಕೇಳಿ ಕೆಂಚಯ್ಯ ಮೆಲ್ಲಗೆ ಈ ಕಡೆ ತಿರುಗಿ, ಎದ್ದು ಕೂತು, ಮಗಳ ಮುಖ ನೋಡಿದನಂತೆ. ನೋಡ್ತಾ ನೋಡ್ತಾ, ಏನೂ ಆಗಲಿಲ್ಲ ತಾನೆ ಮಗಳೇ ಅಂತ ಕೇಳಿದನಂತೆ. ಏನೂ ಆಗಿಲ್ಲ ಕಣಪ್ಪ, ಕುಡಿ ಅಂದಳಂತೆ ಬೊಮ್ಮಿ. ಹೆಂಡತಿ ಹೆಣದ ಮುಂದೆಯೂ ಅಳದೋನು ಆಗ ಬಿಕ್ಕಿ ಬಿಕ್ಕಿ ಅತ್ತನಂತೆ. ಅಳ್ತಾನೇ ಲೋಟ ಖಾಲಿ ಮಾಡಿ, ನಾಳೆಯಿಂದ ಮೊದಲ ಗುಟುಕು ನಂದು, ನೀನು ಕುಡೀಬೇಡ, ನನ್ನ ಮುಖ ನೋಡ್ತಾ ಕೂರು ಅಂದನಂತೆ.

ಹೋದ ಅವ್ವ ಬರಲಿಲ್ಲ ಕಂದಾ, ಹೋದೋರು ಬರೋದಿಲ್ಲ. ಆದರೆ ಆ ಒಂದು ಗುಟುಕಿಗೋಸ್ಕರ ಕೆಂಚಯ್ಯ ದಿನಾ ಬೆಳಿಗ್ಗೆ ಮಗಳಿಗಿಂತ ಮುಂಚೆ ಏಳ್ತಿದ್ದನಂತೆ. ಅಲ್ಲಿಗೆ ಅವರ ಲೋಟವೂ ಬರಿದಾಯ್ತು, ನನ್ನ ಕತೆಯೂ ಮುಗೀತು. ಕಣ್ಣು ಮುಚ್ಚು.